ಕರಿಬಟ್ಟೆಯ ಮಾತೆಗೆ ರಾಯಚೂರಿನ ಉಡಿ

ರಾಯಚೂರು

ನಾನು ಇಟಲಿಗೆ ಹೋಗಿದ್ದು ಒಂದು ಜಂಪರಿನ ದೆಸೆಯಿಂದ. ರಾಯಚೂರಿನ ಸ್ಟೇಷನ್ ರಸ್ತೆಯ ಸಂದಿಯಲ್ಲಿ ನನ್ನದೊಂದು ಲೇಡೀಸ್ ಟೇಲರ್ ಅಂಗಡಿ ಇದೆ. ಮದುವೆ ಸೀಜನ್ನಿನಲ್ಲಿ ಅಂಗಡಿ ಬಿಟ್ಟು ಗಂಡನಿಗೆ ಊಟ ಬಡಿಸಲು ಹೋಗುವುದೇ ಕಷ್ಟ, ಅಂಥದ್ದರಲ್ಲಿ ಇಟಲಿ ಎಲ್ಲಿಂದ ಬಂತು ಎಂದು ನನ್ನ ಗಿರಾಕಿಗಳು ಈಗಲೂ ಕೇಳುತ್ತಾರೆ. ಅವರ ಬ್ಲೌಸು ತಡವಾದದ್ದಕ್ಕೆ ಇದೇ ಉತ್ತರ ಎಂದುಕೊಂಡು ಓದಲಿ.

ಮಾನ್ವಿಯ ತೆರೆಜವ್ವ ನಮ್ಮ ಕಡೆಯ ಕಥೋಲಿಕರಿಗೆಲ್ಲ ಗೊತ್ತು. ಚರ್ಚಿನ ಗುರುಗಳು ತಿಂಗಳಿಗೊಮ್ಮೆ ಮುಖ ತೋರಿಸುವ ಹಳ್ಳಿಗಳಲ್ಲಿ ಉಳಿದ ಭಾನುವಾರಗಳನ್ನೆಲ್ಲ ನಡೆಸುವವಳು ಅವಳೇ. ಜಪಸರ ಹೇಳಿಸುತ್ತಾಳೆ, ಮಕ್ಕಳಿಗೆ ಪ್ರಾರ್ಥನೆ ಕಲಿಸುತ್ತಾಳೆ, ಸಾಯುವವರ ತಲೆದಿಂಬಿನ ಹತ್ತಿರ ಕೂತು ಅವರ ಕೈ ಹಿಡಿದುಕೊಳ್ಳುತ್ತಾಳೆ. ಹುಟ್ಟಿದ ಕೂಸು ಉಳಿಯುವ ಹಾಗಿಲ್ಲ ಎಂದರೆ ಗುರುಗಳ ದಾರಿ ಕಾಯದೆ ತಾನೇ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಡುತ್ತಾಳೆ. ಹಾಗೆ ನೀರು ಹಾಕಿಸಿಕೊಂಡ ಎಷ್ಟೋ ಕೂಸುಗಳು ಸಾಯುವುದನ್ನು ಮರೆತು ಈಗ ಮಾನ್ವಿಯಲ್ಲಿ ಆಟೋ ಓಡಿಸುತ್ತಿವೆ.

ಇಷ್ಟೆಲ್ಲ ಮಾಡುವ ತೆರೆಜವ್ವನಿಗೆ ಒಂದು ಕೆಲಸ ಮಾತ್ರ ಇಲ್ಲ. ನಮ್ಮಲ್ಲಿ ಮಾತೆಯ ಹಬ್ಬಕ್ಕೆ ಯೇಸುವಿನ ತಾಯಿ ಮರಿಯಮ್ಮನ ಉಡಿ ತುಂಬುವ ಪದ್ಧತಿ ಇದೆ. ತವರಿಗೆ ಬಂದ ಮಗಳ ಸೆರಗಿನಲ್ಲಿ ಹೇಗೆ ಅಕ್ಕಿ, ಅರಿಷಿಣದ ಕೊಂಬು, ಅಡಿಕೆ, ಉತ್ತತ್ತಿ, ಕೊಬ್ಬರಿ ಬಟ್ಟಲು, ಜಂಪರ್ ಪೀಸು ಹಾಕಿ ಕಳಿಸುತ್ತೇವೋ ಹಾಗೆಯೇ ಅವಳಿಗೂ. ಮುತ್ತೈದೆಯರು ಮಾತ್ರ ತುಂಬಬೇಕು. ಗಂಡ ಸತ್ತವಳು ತುಂಬುವಂತಿಲ್ಲ, ಅವಳ ಉಡಿಯನ್ನೂ ಯಾರೂ ತುಂಬುವುದಿಲ್ಲ. ಬೈಬಲಿನಲ್ಲಿ ಹೀಗೆಂದು ಎಲ್ಲೂ ಬರೆದಿಲ್ಲ, ಆದರೆ ನಮ್ಮ ಹೆಂಗಸರು ಬೈಬಲಿಗಿಂತ ಮೊದಲಿನಿಂದ ಉಡಿ ತುಂಬುತ್ತಿದ್ದಾರೆ. ಹಬ್ಬದ ದಿನ ಆ ಹೊತ್ತಿಗೆ ತೆರೆಜವ್ವ ಸುಮ್ಮನೆ ಎದ್ದು ಹೊರಗೆ ಹೋಗಿ ಚಪ್ಪಲಿಗಳ ಹತ್ತಿರ ಕೂಡುತ್ತಿದ್ದಳು. 

ಅವಳ ತಂಗಿಯ ಮಗಳು ಸಿಸ್ಟರ್ ಜಯಾ ಇಟಲಿಯ ದಕ್ಷಿಣದ ಒಂದು ಸಣ್ಣ ಊರಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕನ್ಯಾಸ್ತ್ರೀ. ಅಲ್ಲಿಯ ಮಾತೆಯ ಹಬ್ಬಕ್ಕೆ ಬಾ ಎಂದು ಕರೆಸಿಕೊಂಡಳು. ತೆರೆಜವ್ವ ಎಲ್ಲರೆದುರು ಒಂದು ಮಾತು ಆಡಿಬಿಟ್ಟಳು.

“ನಮ್ಮ ಕಡಿಯಿಂದ ಮಾತೆಗೆ ಉಡಿ ಒಯ್ತೀನಿ. ಅಲ್ಲಿ ನನ್ನ ಕೈಲೇ ಒಂದು ಹಿಡಿ ಅಕ್ಕಿ ಹಾಕಿ ಬರ್ತೀನಿ. ಅಲ್ಲಿ ನನ್ನ ಗಂಡ ಸತ್ತಿದ್ದು ಯಾರಿಗೆ ಗೊತ್ತದ?”

ಗೊತ್ತು ಮಾಡಿಸುವುದಕ್ಕೆ ದೇವದುರ್ಗದ ಫಿಲೋಮಿನಾಬಾಯಿ ಇದ್ದಳು. ನಿವೃತ್ತ ಹೆಡ್‌ಮಿಸ್ಟ್ರೆಸ್, ನಮ್ಮ ಮಹಿಳಾ ಸಂಘದ ಅಧ್ಯಕ್ಷೆ. ಪ್ರಾರ್ಥನೆಯಲ್ಲಿ ಯಾರಾದರೂ ತಡವಾಗಿ ‘ಆಮೆನ್’ ಅಂದರೆ ತಿರುಗಿ ನೋಡುವವಳು.

“ಮಾತಿ ಉಡಿ ಅಂದ್ರ ಹುಡುಗಾಟ ಅಲ್ಲ. ಇಲ್ಲಿ ನಡೀಲಾರದ್ದು ಅಲ್ಲಿ ಹೆಂಗ ನಡೀತದ? ಸಂಪ್ರದಾಯ ಅಂದ್ರ ಸಂಪ್ರದಾಯ. ಉಡಿ ತುಂಬಾಕ ನಾನು ಬರ್ತೀನಿ. ತೆರೆಜವ್ವ ಚೀಲ ಹಿಡಕೊಂಡು ಬರಲಿ.”

ಹೀಗೆ ಒಬ್ಬರ ಪ್ರಯಾಣ ಇಬ್ಬರದಾಯಿತು. ಇಬ್ಬರೇ ಹೆಂಗಸರು ಹೇಗೆ ಹೋಗುತ್ತಾರೆ ಎಂದು ಮಂಗಳೂರು ಕಡೆಯ ನಮ್ಮ ಫಾದರ್ ಅರುಣ್ ಹೊರಟರು. ಮಾತೆಗೆ ಹಸಿರು ಸೀರೆ, ಹಸಿರು ಜಂಪರ್ ಆಗಬೇಕೆಂದು ಸಂಘ ಗೊತ್ತುಮಾಡಿತು. ಸಿಸ್ಟರ್ ಜಯಾ ಕಳಿಸಿದ ಮಂಕಾದ ಫೋಟೋ ನೋಡಿ ನಾನು ಜಂಪರ್ ಹೊಲಿದೆ. ಅಳತೆ ಹೆಚ್ಚುಕಮ್ಮಿಯಾದರೆ ಅಲ್ಲೇ ಬಿಚ್ಚಿ ಹೊಲಿಯುವವರು ಬೇಕಲ್ಲ, ನಾನೂ ಹೊರಟೆ.

ಹೈದರಾಬಾದ್

ರಾಯಚೂರಿನಿಂದ ಹೈದರಾಬಾದಿನವರೆಗೆ ರೈಲಿನಲ್ಲಿ ಫಾದರ್ ನಮಗೊಂದು ಭಾಷಣ ಓದಿದರು. ‘ಕಥೋಲಿಕ ಜೀವನದಲ್ಲಿ ಸ್ತ್ರೀಯರ ಘನತೆ ಮತ್ತು ಆತ್ಮಿಕ ವರದಾನಗಳು’ ಎಂದು ಅದರ ಹೆಸರು. ಇಟಲಿಯ ಊರಿನಲ್ಲಿ ಓದುವುದಕ್ಕೆಂದು ರಾತ್ರಿ ನಿದ್ದೆಗೆಟ್ಟು ಬರೆದಿದ್ದರು. ಒಳ್ಳೆಯ ಭಾಷಣ. ಸ್ತ್ರೀಯು ಸಭೆಯ ಹೃದಯ ಎಂಬಲ್ಲಿಗೆ ಬಂದಾಗ ನಾನು ಮತ್ತು ತೆರೆಜವ್ವ ಅಕ್ಕಿಯ ಚೀಲವನ್ನು ಸೀಟಿನ ಅಡಿ ನೂಕುತ್ತಿದ್ದೆವು. ಫಾದರ್ ಕಾಲು ಮೇಲೆತ್ತಿ ಜಾಗ ಮಾಡಿಕೊಟ್ಟು ಮುಂದಿನ ಪುಟ ತಿರುವಿದರು.

ನಾನು ನಡುವೆ ಬಾಯಿ ಹಾಕಿ, “ಫಾದರ್, ತೆರೆಜವ್ವ ಉಡಿ ತುಂಬಬೋದೋ ಇಲ್ಲೋ ಅಷ್ಟು ಹೇಳಿಬಿಡ್ರಿ” ಎಂದೆ.

ಫಾದರ್ ಫಿಲೋಮಿನಾಬಾಯಿಯ ಮುಖ ನೋಡಿದರು, ಕಿಟಕಿಯ ಹೊರಗೆ ನೋಡಿದರು.

“ಇದರಲ್ಲಿ ಎರಡು ಅಭಿಪ್ರಾಯ ಉಂಟು. ಅಲ್ಲಿಗೆ ಹೋಗಿ ನೋಡುವ.”

ವಿಮಾನ ನಿಲ್ದಾಣದಲ್ಲಿ ಉಡಿಗೆ ಮೊದಲ ಪೆಟ್ಟು ಬಿತ್ತು. ಒಣ ಕೊಬ್ಬರಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲವಂತೆ. ಎಣ್ಣೆ ಇರುವ ವಸ್ತು, ಬೆಂಕಿ ಹತ್ತಬಹುದಂತೆ. ದೇವದುರ್ಗ, ಗಬ್ಬೂರು, ಮಾನ್ವಿ, ಗಿಲ್ಲೆಸುಗೂರಿನ ಹೆಂಗಸರು ಆರಿಸಿ ಆರಿಸಿ ಕಳಿಸಿದ ಬಟ್ಟಲುಗಳು ಮೇಜಿನ ಮೇಲೆ ಗುಡ್ಡೆಯಾದವು.

ಫಿಲೋಮಿನಾಬಾಯಿ ಸಮವಸ್ತ್ರದ ಹುಡುಗನನ್ನು ನಾಲ್ಕನೇ ತರಗತಿಯವನಂತೆ ನಿಲ್ಲಿಸಿ ಕೇಳಿದಳು.

“ನಮ್ಮ ರಾಯಚೂರ ಬಿಸಲಾಗ ಹತ್ತಲಾರದ ಬೆಂಕಿ ನಿಮ್ಮ ಎಸಿ ಒಳಗ ಹತ್ತತದೇನಪಾ?”

ಹುಡುಗ ತೆಲುಗಿನವನು. ಪ್ರಶ್ನೆ ಪೂರ್ತಿ ಅರ್ಥವಾದರೂ ಗೋಡೆಯ ಮೇಲಿನ ನಿಯಮಗಳ ಬೋರ್ಡಿಗೆ ಬೆರಳು ತೋರಿಸಿದ. ಕೊಬ್ಬರಿಯನ್ನು ಬಿಡಲೇಬೇಕಾಯಿತು. ಎಸೆಯುವುದಕ್ಕೆ ಮನಸ್ಸಾಗದೆ ನಾವು ನಾಲ್ವರೂ ಸಾಲಾಗಿ ಕೂತು ತಿನ್ನುವಷ್ಟು ತಿಂದು, ಉಳಿದದ್ದನ್ನು ಕಸ ಗುಡಿಸುವ ಹೆಂಗಸಿಗೆ ಕೊಟ್ಟೆವು. ಮಾತೆಯ ಪಾಲಿನ ಕೊಬ್ಬರಿ ತಿಂದ ಫಾದರಿಗೆ ವಿಮಾನ ಏರಿದ ಮೇಲೆ ಹೊಟ್ಟೆ ಕೆಟ್ಟಿತು. ಯುರೋಪಿನವರೆಗೆ ಅವರು ತಮ್ಮ ಸೀಟಿನಲ್ಲಿ ಕೂತದ್ದು ಕಡಿಮೆ.

“ಕೊಬ್ಬರಿ ಇಲ್ಲದ ಉಡಿ ಉಡೀನೇ ಅಲ್ಲ” ಎಂದು ಫಿಲೋಮಿನಾಬಾಯಿ ದಾರಿಯುದ್ದಕ್ಕೂ ಗೊಣಗುತ್ತಲೇ ಇದ್ದಳು.

ರೋಮ್

ರೋಮಿನ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ನೋಡಿದ್ದು ಹೆಚ್ಚಾಗಿ ಫಾದರ್ ಅರುಣ್ ಅವರ ಬೆನ್ನು. ಮೊಬೈಲು ನೋಡುತ್ತ ಮುಂದೆ ನಡೆದು, ಒಂದೇ ಕಾರಂಜಿಯ ಹತ್ತಿರ ನಮ್ಮನ್ನು ಮೂರು ಸಲ ತಂದು ನಿಲ್ಲಿಸಿದರು. ಮೂರನೇ ಸಲ ಅಲ್ಲಿ ಚಿತ್ರ ಮಾರುವವನು ನಮ್ಮನ್ನು ಗುರುತು ಹಿಡಿದು ತೆರೆಜವ್ವನಿಗೆ ಕೂರಲು ತನ್ನ ಸ್ಟೂಲು ಕೊಟ್ಟ.

ಕಡೆಗೆ ದೊಡ್ಡ ಚರ್ಚು ಸಿಕ್ಕಿತು. ಒಳಗೆ ಗಾಜಿನ ಹಿಂದೆ ಬಿಳಿ ಕಲ್ಲಿನ ಮಾತೆ, ಶಿಲುಬೆಯಿಂದ ಇಳಿಸಿದ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾಳೆ. ಜನ ಮೊಬೈಲು ಎತ್ತಿ ಹಿಡಿದು ನೂಕಾಡುತ್ತಿದ್ದರು. ಫಿಲೋಮಿನಾಬಾಯಿಗೆ ಆಸೆಯಾಯಿತು. “ಇಕಿಗೇ ತುಂಬಿಬಿಡಾಣೇನು? ಇಷ್ಟು ದೊಡ್ಡ ಚರ್ಚು, ಇಷ್ಟು ಮಂದಿ” ಎಂದಳು.

ತೆರೆಜವ್ವ ಬಹಳ ಹೊತ್ತು ಆ ಮುಖ ನೋಡಿದಳು.

“ಬ್ಯಾಡವ್ವಾ. ಇಕಿ ಉಡಿ ಆಗಲೇ ತುಂಬೇದ” ಎಂದಳು.

ಫಿಲೋಮಿನಾಬಾಯಿಯೇ ಮೊದಲು ತಿರುಗಿ ಬಾಗಿಲ ಕಡೆ ನಡೆದಳು. ನಾವು ಹೊರಗೆ ಬಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಪಾರಿವಾಳಗಳಿಗೆ ಶೇಂಗಾ ಚಟ್ನಿ ಸೇರುವುದಿಲ್ಲ ಎಂದು ಗೊತ್ತಾಯಿತು.

ಸಿಸ್ಟರ್ ಜಯಾಳ ಊರು

ರೈಲು ದಕ್ಷಿಣಕ್ಕೆ ಇಳಿದಂತೆ ಬಿಸಿಲು ಬಂತು, ಬಯಲು ಬಂತು, ಕಲ್ಲಿನ ಗೋಡೆಗಳು ಬಂದವು. ತೆರೆಜವ್ವ ಕಿಟಕಿಗೆ ಹಣೆ ಹಚ್ಚಿ, “ನಮ್ಮ ರಾಯಚೂರ ಕಡಿ ಯಾಪಲದಿನ್ನಿ ದಾಟಿದಂಗ ಆತಲ್ಲ” ಎಂದಳು. ಊರಿನ ಹೆಸರು ಇಂದಿಗೂ ನನ್ನ ನಾಲಿಗೆಗೆ ಹೊರಳುವುದಿಲ್ಲ, ಹಾಗಾಗಿ ಬರೆಯುವುದಿಲ್ಲ. ಮಧ್ಯಾಹ್ನವಾದರೆ ಇಡೀ ಊರು ಅಂಗಡಿಯ ಶಟರ್ ಎಳೆದು ಮಲಗುತ್ತದೆ. ಸಂಜೆ ಗಂಡಸರು ಚರ್ಚಿನ ಮುಂದೆ ಕುರ್ಚಿ ಹಾಕಿಕೊಂಡು ಬಂದುಹೋಗುವವರನ್ನು ನೋಡುತ್ತ ಕೂಡುತ್ತಾರೆ. ಏನೂ ಕೆಲಸ ಮಾಡದೆ ಇಷ್ಟು ದಣಿದಿರುವ ಗಂಡಸರನ್ನು ನಾನು ನಮ್ಮ ಕಡೆ ಮಾತ್ರ ನೋಡಿದ್ದೆ.

ಸಿಸ್ಟರ್ ಜಯಾ ಸ್ಟೇಷನ್ನಿಗೆ ಬಂದಿದ್ದಳು. ಇಷ್ಟು ವರ್ಷ ಇಟಲಿಯಲ್ಲಿದ್ದು ಕೈ ಬೀಸಿ ಬೀಸಿ ಮಾತಾಡುವುದು ರೂಢಿಯಾಗಿದೆ, ಬಾಯಿ ಮಾತ್ರ ಮಾನ್ವಿಯದೇ. “ದೊಡ್ಡವ್ವಾ, ಬಡವಾಗೀಯಲ್ಲಬೇ!” ಎಂದು ತೆರೆಜವ್ವನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ, ಯಾಕೆಂದು ಗೊತ್ತಿಲ್ಲ.

ನಮಗೆ ಕಾನ್ವೆಂಟಿನಲ್ಲಿ ಇಳಿದುಕೊಳ್ಳಲು ವ್ಯವಸ್ಥೆಯಾಗಿತ್ತು. ಬಚ್ಚಲಿನಲ್ಲಿ ಕಮೋಡಿನ ಪಕ್ಕಕ್ಕೆ ಅಷ್ಟೇ ಎತ್ತರದ ಇನ್ನೊಂದು ಬಿಳಿ ತೊಟ್ಟಿ, ಅದಕ್ಕೊಂದು ನಲ್ಲಿ. ಫಿಲೋಮಿನಾಬಾಯಿಗೆ ಬಹಳ ಸಂತೋಷವಾಯಿತು. “ಬಂದವರಿಗೆ ಕಾಲಿಗೆ ನೀರು ಕೊಡೋ ಪದ್ಧತಿ ಇಲ್ಲೂ ಅದ ನೋಡು” ಎಂದು ಅದರಲ್ಲಿ ಕಾಲು ತೊಳೆದಳು. ಮರುದಿನ ಉಡಿ ಅಕ್ಕಿಗೆ ಹಚ್ಚುವ ಅರಿಷಿಣವನ್ನೂ ಅದರಲ್ಲೇ ಕಲಸಿದಳು. ಆ ತೊಟ್ಟಿ ಕಾಲಿಗಲ್ಲ, ಕಮೋಡಿನಿಂದ ಎದ್ದವರು ತೊಳೆದುಕೊಳ್ಳುವುದಕ್ಕೆ ಎಂದು ಸಿಸ್ಟರ್ ಜಯಾ ನನಗೊಬ್ಬಳಿಗೆ ಕಿವಿಯಲ್ಲಿ ಹೇಳಿದಳು. ನಾನು ಹೋಗಿ ಚೀಲದಲ್ಲಿ ಉಳಿದಿದ್ದ ಬೇರೆ ಅರಿಷಿಣ ತೆಗೆದು ಸದ್ದಿಲ್ಲದೆ ಇನ್ನೊಂದು ಬಟ್ಟಲಿನಲ್ಲಿ ಕಲಸಿಟ್ಟೆ.

ಸಂಜೆ ಕೊಂಚೆತ್ತಾ ಎಂಬ ಮುದುಕಿ ನಮ್ಮನ್ನು ನೋಡಲು ಬಂದಳು. ಗಿಡ್ಡ ಆಳು, ಕತ್ತಿನಿಂದ ಪಾದದವರೆಗೆ ಕಪ್ಪು ಬಟ್ಟೆ, ಕೈಯಲ್ಲೊಂದು ಗಂಟು. ಮಾತೆಗೆ ಬಟ್ಟೆ ಉಡಿಸುವ ಹೆಂಗಸರ ಗುಂಪಿಗೆ ಅವಳೇ ಹಿರಿಯಳಂತೆ. ಗಂಟು ಬಿಚ್ಚಿದರೆ ಕಲ್ಲಿನಂಥ ಒಣ ರೊಟ್ಟಿ! ಅದನ್ನು ನೀರಿನಲ್ಲಿ ಅದ್ದಿ, ಮೇಲೆ ಟೊಮೆಟೊ ಹಚ್ಚಿ ತಿನ್ನಬೇಕಂತೆ. ತೆರೆಜವ್ವ ಒಳಗೆ ಹೋಗಿ ನಮ್ಮ ಖಡಕ್ ರೊಟ್ಟಿ ತಂದು ಅವಳ ಕೈಗಿಟ್ಟಳು. ಕೊಂಚೆತ್ತಾ ಅದನ್ನು ಮುರಿದಳು, ಸದ್ದು ಕೇಳಿದಳು, ತಲೆದೂಗಿದಳು. ಇಬ್ಬರೂ ಒಬ್ಬರ ರೊಟ್ಟಿ ಇನ್ನೊಬ್ಬರು ಕಡಿಯುತ್ತ ಕೂತರು. ಇಬ್ಬರಿಗೂ ಹಲ್ಲು ಕಡಿಮೆ, ಹೊತ್ತು ಬಹಳ ಹಿಡಿಯಿತು.

ಮುಚ್ಚಿದ ಬಾಗಿಲು

ಹಬ್ಬದ ಹಿಂದಿನ ದಿನ ಮಾತೆಯನ್ನು ಗೂಡಿನಿಂದ ಇಳಿಸಿ ಚರ್ಚಿನ ಹಿಂದಿನ ಕೋಣೆಗೆ ತಂದು ಹೊಸ ಬಟ್ಟೆ ಉಡಿಸುತ್ತಾರೆ. ಉಡಿ ತುಂಬಲು ಅದೇ ಹೊತ್ತು ಎಂದು ಸಿಸ್ಟರ್ ಜಯಾ ಗೊತ್ತುಮಾಡಿದ್ದಳು. ಫಾದರ್ ಅರುಣ್ ಬಿಳಿ ನಿಲುವಂಗಿ ಹಾಕಿ, ಭಾಷಣ ಹಿಡಿದು, ಎಲ್ಲರಿಗಿಂತ ಮುಂದೆ ನಡೆದರು. ಕೋಣೆಯ ಬಾಗಿಲಲ್ಲಿ ಕೊಂಚೆತ್ತಾ ಅವರ ಎದೆಗೆ ಅಂಗೈ ಇಟ್ಟು ನಿಲ್ಲಿಸಿದಳು.

“ಗಂಡಸರು ಒಳಗ ಬರಂಗಿಲ್ಲಂತ್ರಿ ಫಾದರ್” ಎಂದಳು ಸಿಸ್ಟರ್ ಜಯಾ.

“ನಾನು ಗುರು ಅಲ್ವಾ ಸಿಸ್ಟರ್?”

“ಗುರುಗಳೂ ಗಂಡಸರ ಅಲ್ರಿ? ಹೆಣಮಗಳು ಬಟ್ಟಿ ಬದಲಿಸುವಾಗ ನಿಮಗೇನು ಕೆಲಸ ಅಂತ ಕೇಳಾಕತ್ತಾಳ. ಈ ಊರ ಗುರುಗಳೂ ಅಲ್ಲೇ ನಿಂತಾರ ನೋಡ್ರಿ.”

ನಿಜ. ಗೋಡೆಗೆ ಒರಗಿ ಆ ಊರಿನ ಮುದಿ ಗುರುಗಳು ನಿಂತಿದ್ದರು. ಜೀವಮಾನವೆಲ್ಲ ಇದೇ ಚರ್ಚಿನಲ್ಲಿ ಕಳೆದರೂ ಆ ಬಾಗಿಲಿನಾಚೆ ಏನು ನಡೆಯುತ್ತದೆಂದು ಅವರಿಗೆ ಗೊತ್ತಿಲ್ಲವಂತೆ. ಬಿಷಪ್ಪರು ಬಂದರೂ ಅಲ್ಲೇ ನಿಲ್ಲಬೇಕಂತೆ. ಕೊಂಚೆತ್ತಾ ನಮ್ಮ ಚಪ್ಪಲಿಗಳನ್ನು ಫಾದರ್ ಅರುಣ್ ಕಡೆ ಕಾಲಿನಿಂದ ಸರಿಸಿ ಬಾಗಿಲು ಹಾಕಿದಳು.  ಹೊರಗೆ ‘ಸ್ತ್ರೀಯರ ಘನತೆ’ ಭಾಷಣ ಇಂಗ್ಲಿಷಿನಲ್ಲಿ ಶುರುವಾದದ್ದು ಕೇಳಿಸಿತು. ಇಂಗ್ಲಿಷ್ ಬಾರದ ಆ ಮುದಿ ಗುರುಗಳಿಗೆ ಓದಿ ಹೇಳುತ್ತಿದ್ದರು. ಪಾಪ.

ಒಳಗೆ ಕಟ್ಟೆಯ ಮೇಲೆ ನಿಲ್ಲಿಸಿದ ಮಾತೆಯ ಸುತ್ತ ಹೆಂಗಸರು ಬಿಳಿ ಹಾಸಿಗೆ ಬಟ್ಟೆಯನ್ನು ಪರದೆಯಾಗಿ ಹಿಡಿದಿದ್ದರು. ಹಳೆಯ ಬಟ್ಟೆ ತೆಗೆದಾಗ ಕಂಡದ್ದನ್ನು ಯಾರಿಗೂ ಹೇಳಬಾರದೆಂದು ನಮ್ಮಿಂದ ಆಣೆ ಹಾಕಿಸಿಕೊಂಡರು. ನಾನು ಹೇಳುವುದೂ ಇಲ್ಲ. ನನ್ನ ಅಂಗಡಿಯಲ್ಲಿ ಒಬ್ಬಳ ಅಳತೆಯನ್ನು ಇನ್ನೊಬ್ಬಳಿಗೆ ಇವತ್ತಿನವರೆಗೆ ಹೇಳಿಲ್ಲ, ದೇವಮಾತೆಯದನ್ನು ಹೇಳುತ್ತೇನೆಯೇ? ನಾನು ಹೊಲಿದ ಜಂಪರ್ ಬಿಚ್ಚಿ ಹೊಲಿದರೂ ಆಗುವಂತಿರಲಿಲ್ಲ, ಅಷ್ಟು ತಿಳಿದರೆ ಸಾಕು.

ಆಮೇಲೆ ಹೊಸ ಬಟ್ಟೆಯ ಪೆಟ್ಟಿಗೆ ತೆರೆದರು. ಕಪ್ಪು ಮಖಮಲ್ಲಿನ ಲಂಗ, ಕಪ್ಪು ರವಿಕೆ, ಕಪ್ಪು ಮುಸುಕು. ಫಿಲೋಮಿನಾಬಾಯಿ ಹಸಿರು ಸೀರೆ ಎದೆಗವಚಿಕೊಂಡು ಗಾಬರಿಯಾದಳು.

“ಜಯಾ, ಮಾತಿಗ್ಯಾಕ ಕರೀದು ಉಡಸ್ತಾರ? ಫೋಟೋದಾಗ ನೀಲಿ ಕಂಡಿತ್ತಲ್ಲ?”

“ಫೋಟೋ ಚಂದ ಬಂದಿದ್ದಿಲ್ರಿ ಟೀಚರ್. ಇಕಿ ದುಃಖದ ಮಾತೆ. ಮಗ ಸತ್ತಾನ. ಜೋಸೆಫಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದ. ಈ ಊರಾಗ ಗಂಡ ಸತ್ತವರು ಕರೀದು ಉಡ್ತಾರ, ಹಂಗ ಇಕಿನೂ.”

ಫಿಲೋಮಿನಾಬಾಯಿ ಅಲ್ಲಿದ್ದ ಬೆಂಚಿನ ಮೇಲೆ ಕೂತುಬಿಟ್ಟಳು. ದಿನಾ ಜಪಸರ ಹೇಳುವವಳು, ಸಂತ ಜೋಸೆಫರ ಮರಣದ ಚಿತ್ರವನ್ನು ಮನೆಯ ಗೋಡೆಗೆ ತೂಗುಹಾಕಿದವಳು. ಆದರೆ ಗಂಡ ಸತ್ತರೆ ಹೆಂಡತಿ ವಿಧವೆಯಾಗುತ್ತಾಳೆ ಎಂಬ ಲೆಕ್ಕವನ್ನು ಮರಿಯಮ್ಮನಿಗೆ ಹಚ್ಚಿ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನೋಡಿರಲಿಲ್ಲ.

“ಅಂದ್ರ ಇಷ್ಟು ವರ್ಷ ನಾವು...” ಎಂದು ಅರ್ಧಕ್ಕೇ ನಿಲ್ಲಿಸಿದಳು. ಇಷ್ಟು ವರ್ಷ ಹಬ್ಬದಂದು ಒಬ್ಬ ವಿಧವೆಯನ್ನು ಹೊರಗೆ ಚಪ್ಪಲಿಯ ಹತ್ತಿರ ಕೂರಿಸಿ, ಒಳಗೆ ಇನ್ನೊಬ್ಬಳ ಉಡಿ ತುಂಬುತ್ತಿದ್ದೆವು. ಗಾಳಿಗೆ ಬಾಯಿ ತೆರೆದ ಮೀನಿನ ಹಾಗೆ ಕೂತಿದ್ದ ಅವಳನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಜಂಪರಿನಲ್ಲಿ ಮುಖ ಮುಚ್ಚಿಕೊಂಡೆ.

ಅಷ್ಟರಲ್ಲಿ ಕೊಂಚೆತ್ತಾ ಏನೋ ಕೇಳಿದಳು. ಸಿಸ್ಟರ್ ಜಯಾ ತಡವರಿಸುತ್ತ ಹೇಳಿದಳು.

“ಮೊದಲನೇ ಬಟ್ಟಿ ಗಂಡ ಸತ್ತವರೇ ತೊಡಿಸಬೇಕು, ಅದು ಈ ಊರ ಪದ್ಧತಿ. ನಿಮ್ಮ ಪೈಕಿ ಗಂಡ ಸತ್ತವರು ಯಾರು ಅಂತ ಕೇಳಾಕತ್ತಾಳ. ಅವರು ಮಾತ್ರ ಮ್ಯಾಲ ಬರಲಿ, ಉಳಿದವರು ಬೆಂಚಿನ ಮ್ಯಾಲ ಕೂಡಲಿ, ಮಾತೆನ್ನ ಮುಟ್ಟಬಾರದು ಅಂತ.”

“ಮುಟ್ಟಬಾರದಾ? ನಾನು ಅಧ್ಯಕ್ಷಿ!”

“ಗಂಡ ಅದಾನಲ್ರಿ ನಿಮಗ.”

ಫಿಲೋಮಿನಾಬಾಯಿ ದಿಕ್ಕು ತೋಚದೆ ಸುತ್ತ ನೋಡಿದಳು. ಅವಳು ಆಮೇಲೆ ಆಡಿದ ಮಾತನ್ನು ಅವಳೇ ಇಂದಿಗೂ ಒಪ್ಪುವುದಿಲ್ಲ, ಆದರೆ ನಾನು ಪಕ್ಕದಲ್ಲೇ ಇದ್ದೆ.

“ನಮ್ಮ ಮನೆಯವರಿಗೆ ಎರಡು ಸಲ ಹಾರ್ಟ್ ಅಟ್ಯಾಕ್ ಆಗ್ಯಾದ ಅಂತ ಹೇಳಬೇ. ಡಾಕ್ಟರು ಆಸೆ ಬಿಟ್ಟಿದ್ರು ಅಂತ ಹೇಳು.”

ಸಿಸ್ಟರ್ ಜಯಾ ಇದನ್ನು ಇಟಾಲಿಯನ್ನಿಗೆ ತರ್ಜುಮೆ ಮಾಡಿದಳೋ ಇಲ್ಲವೋ ಗೊತ್ತಿಲ್ಲ. ಅದೇ ಗಳಿಗೆಯಲ್ಲಿ ಫಿಲೋಮಿನಾಬಾಯಿಯ ಮೊಬೈಲು ಹೊಡೆದುಕೊಂಡಿತು. ಗಾಬರಿಯಲ್ಲಿ ಒತ್ತಿದ್ದು ಸ್ಪೀಕರಿನ ಗುಂಡಿ. ದೇವದುರ್ಗದಿಂದ ಅವಳ ಗಂಡ ಇನ್ನಾಸಪ್ಪನವರು ಇಡೀ ಕೋಣೆಗೆ ಕೇಳುವ ಹಾಗೆ ಕೂಗಿದರು.

“ಏ ಫಿಲೋಮಿನಾ, ಮಾವಿನ ಉಪ್ಪಿನಕಾಯಿ ಭರಣಿ ಎಲ್ಲಿಟ್ಟೀಯೇ?”

ಗಂಡು ದನಿ! ಹೆಂಗಸರು ಕಿಟಾರನೆ ಕಿರುಚಿ ಬಿಳಿ ಬಟ್ಟೆಯನ್ನು ಮಾತೆಯ ತಲೆಯ ಮೇಲೆ ಎಸೆದು ಮುಚ್ಚಿದರು. ಒಬ್ಬಳು ಮೊಬೈಲಿನ ಮೇಲೆ ಮೆತ್ತೆ ಒತ್ತಿ ಹಿಡಿದಳು. ಮೆತ್ತೆಯ ಅಡಿಯಿಂದಲೂ ಇನ್ನಾಸಪ್ಪನವರು, “ಅಲೋ? ಅಲೋ? ನಿಂಬಿಕಾಯಿದಾದ್ರೂ ಹೇಳು” ಎನ್ನುತ್ತಿದ್ದರು. ಹೊರಗಿನಿಂದ ಫಾದರ್ ಅರುಣ್, “ಏನಾಯ್ತು ಮಾರಾಯ್ರೆ?” ಎಂದು ಬಾಗಿಲು ಬಡಿದರು. ಕೊಂಚೆತ್ತಾ ಬೈದ ಬೈಗುಳಕ್ಕೆ ಇಬ್ಬರು ಗಂಡಸರೂ ಒಟ್ಟಿಗೇ ಬಾಯಿ ಮುಚ್ಚಿದರು.

“ನಿಮ್ಮ ಮನೆಯವರು ಜೀವಂತ ಅದಾರ ಅನ್ನೋದು ಆಕಿಗೆ ತಿಳೀತ್ರಿ ಟೀಚರ್” ಎಂದಳು ಸಿಸ್ಟರ್ ಜಯಾ.

ಕೋಣೆ ತಣ್ಣಗಾದ ಮೇಲೆ ಎಲ್ಲರೂ ತೆರೆಜವ್ವನ ಕಡೆ ತಿರುಗಿದರು. ಅವಳು ರೂಢಿಯಂತೆ ಬಾಗಿಲ ಹತ್ತಿರ, ಅಕ್ಕಿ ಚೀಲ ಹಿಡಿದು ನಿಂತಿದ್ದಳು. ಕರೆದರೂ ಬರಲಿಲ್ಲ. ಇಟಲಿಗೆ ಹೋಗಿ ನನ್ನ ಕೈಯಿಂದಲೇ ಹಾಕುತ್ತೇನೆ ಎಂದವಳು ಈಗ ಆ ಕೈಯನ್ನು ಸೆರಗಿನಲ್ಲಿ ಅಡಗಿಸಿಕೊಂಡಿದ್ದಳು.

“ನನ್ನ ಕೈ ಆಗತದೇನವ್ವಾ ಜಯಾ? ಸರಿಯಾಗಿ ಕೇಳಬೇ. ಆಮ್ಯಾಲ ಏನರ ಅಂದಾರು.”

ಕೊಂಚೆತ್ತಾ ಕೇಳುವುದಕ್ಕೆ ಕಾಯಲಿಲ್ಲ. ಕೆಳಗಿಳಿದು ಬಂದಳು, ಸೆರಗಿನೊಳಗಿಂದ ಆ ಕೈಯನ್ನು ಎಳೆದು ತೆಗೆದಳು, ತನ್ನ ಮೊಣಕೈಗೆ ಸಿಕ್ಕಿಸಿಕೊಂಡು ಮೇಲೆ ಕರೆದೊಯ್ದಳು. ಇಬ್ಬರೂ ಸೇರಿ ಮಾತೆಗೆ ಮೊದಲ ಬಟ್ಟೆ ತೊಡಿಸಿದರು. ಮೊದಲ ಬಟ್ಟೆ ಯಾವುದು ಎಂದು ಹೇಳುತ್ತೇನೆ, ಅದು ನಮ್ಮದಾದ್ದರಿಂದ ಆಣೆಗೆ ಸೇರುವುದಿಲ್ಲ. ಕೊಂಚೆತ್ತಾ ಫಿಲೋಮಿನಾಬಾಯಿಯ ತೋಳಿನಿಂದ ನಮ್ಮ ಹಸಿರು ಸೀರೆಯನ್ನು ಬಿಡಿಸಿಕೊಂಡು ಎಲ್ಲಕ್ಕೂ ಒಳಗೆ, ಒಳಲಂಗದ ಜಾಗದಲ್ಲಿ ಸುತ್ತಿದಳು. ನಾನು ಬೆಂಚಿನ ಮೇಲಿಂದಲೇ ನೆರಿಗೆ ಹೀಗೆ ಹಿಡಿ ಹಾಗೆ ಹಿಡಿ ಎಂದು ಕೂಗುತ್ತಿದ್ದೆ. ಹಸಿರಿನ ಮೇಲೆ ಕಪ್ಪು ಬಂತು.

ಬಟ್ಟೆ ಉಡಿಸುವಾಗ ಆ ಹೆಂಗಸರು ಜಪಸರ ಹೇಳುತ್ತಾರೆ. ತೆರೆಜವ್ವ ತಾನಾಗಿಯೇ ಕನ್ನಡದಲ್ಲಿ ‘ನಮೋ ಮರಿಯಾ’ ಎತ್ತಿದಳು. ಮೊದಲರ್ಧ ಅವಳದು, ಉಳಿದರ್ಧವನ್ನು ಅವರು ತಮ್ಮ ಭಾಷೆಯಲ್ಲಿ ಮುಗಿಸಿದರು. ಮಣಿ ಸರಿದಂತೆ ಒಬ್ಬರೂ ತಪ್ಪಲಿಲ್ಲ. ಮಾನ್ವಿಯ ಹಳ್ಳಿಗಳಲ್ಲಿ ದನದ ಕೊಟ್ಟಿಗೆಯ ಪಕ್ಕ ಕೂತು ಹೇಳಿಸುವ ದನಿಯಲ್ಲೇ ಇಟಲಿಯವರಿಗೂ ಹೇಳಿಸಿದಳು. ನನಗೆ ಅಳು ಬಂತು, ಈ ಸಲ ಯಾಕೆಂದು ಗೊತ್ತಿತ್ತು.

ಕಡೆಗೆ ಉಡಿ. ಮಾತೆ ಸೆರಗು ಹಿಡಿಯಲಾರಳಲ್ಲ, ಅವಳ ಕಪ್ಪು ಮುಸುಕಿನ ಅಂಚನ್ನು ಕೊಂಚೆತ್ತಾ ಎರಡೂ ಕೈಯಿಂದ ಬಿಡಿಸಿ ಹಿಡಿದಳು. ತೆರೆಜವ್ವ ಐದು ಹಿಡಿ ಅಕ್ಕಿ ಹಾಕಿದಳು, ಅರಿಷಿಣದ ಕೊಂಬು, ಅಡಿಕೆ, ಉತ್ತತ್ತಿ, ನನ್ನ ಆಗದ ಜಂಪರ್ ಹಾಕಿದಳು. ಕೊಬ್ಬರಿಯ ಜಾಗ ಖಾಲಿ ಇತ್ತು. ಸಿಸ್ಟರ್ ಜಯಾ ಹೇಳಿದ ಮೇಲೆ ಒಬ್ಬಳು ಹಿತ್ತಿಲಿಗೆ ಓಡಿ ತೆಂಗಿನಕಾಯಿಯಷ್ಟು ದಪ್ಪದ ನಿಂಬೆಹಣ್ಣು ಕಿತ್ತು ತಂದಳು. ಅದೂ ಉಡಿಗೆ ಬಿತ್ತು.

ಮುಗಿಯಿತೆಂದು ತೆರೆಜವ್ವ ಕೈ ಮುಗಿದಳು. ಆಗ ಬೆಂಚಿನಿಂದ ದನಿ ಬಂತು.

“ಮುಗೀಲಿಲ್ಲ.”

ಫಿಲೋಮಿನಾಬಾಯಿ ಎದ್ದು ನಿಂತಿದ್ದಳು. ಇನ್ನೇನು ಜಗಳ ತೆಗೆಯುತ್ತಾಳೋ ಎಂದು ನಾನು ಅವಳ ಸೆರಗು ಹಿಡಿದು ಜಗ್ಗಿದೆ. ಬಿಡಿಸಿಕೊಂಡಳು.

“ಉಡಿ ತುಂಬಿಸಿಕೊಂಡಾಕಿ ತುಂಬಿದಾಕಿ ಸೆರಗಿಗೆ ಒಂದು ಹಿಡಿ ತಿರುಗಿ ಹಾಕಬೇಕು. ಹಾಕದಿದ್ರ ಉಡಿ ಆದಂಗಲ್ಲ. ದೇವದುರಗದಾಗಾಗಲಿ ಇಟಲಿಯಾಗಾಗಲಿ, ಸಂಪ್ರದಾಯ ಅಂದ್ರ ಸಂಪ್ರದಾಯ.”

“ಮಾತಿ ಹೆಂಗ ಹಾಕ್ತಾಳ್ರೀ ಟೀಚರ್?” ಎಂದಳು ಸಿಸ್ಟರ್ ಜಯಾ.

“ಆಕಿ ಪರವಾಗಿ ಯಾರರ ಹಾಕಬೇಕು. ನಾನು ಮಾತೆನ್ನ ಮುಟ್ಟಂಗಿಲ್ಲ, ಖರೆ. ಅಕ್ಕಿ ಮುಟ್ಟಬೋದಲ್ಲ? ಕೇಳು ಆಕಿನ್ನ.”

ಕೊಂಚೆತ್ತಾ ಕೇಳಿಸಿಕೊಂಡು ಮುಸುಕಿನ ಅಂಚನ್ನು ಅವಳ ಕಡೆ ಚಾಚಿದಳು. ಫಿಲೋಮಿನಾಬಾಯಿ ಅದರೊಳಗಿಂದ ಬೊಗಸೆ ತುಂಬ ಅಕ್ಕಿ ತೆಗೆದುಕೊಂಡು ತೆರೆಜವ್ವನ ಮುಂದೆ ನಿಂತಳು. ತೆರೆಜವ್ವ ನಿಂತೇ ಇದ್ದಳು. ಸೆರಗು ಒಡ್ಡುವುದು ಅವಳಿಗೆ ಮರೆತುಹೋಗಿತ್ತು.

“ಉಡಿ ಒಡ್ಡವ್ವಾ” ಎಂದಳು ಫಿಲೋಮಿನಾಬಾಯಿ. ಅವಳ ದನಿ ಹೆಡ್‌ಮಿಸ್ಟ್ರೆಸ್ಸಿನದಾಗಿರಲಿಲ್ಲ. “ನನ್ನ ಕೈ ನೋಯಾಕತ್ಯಾವ. ಒಡ್ಡು.”

ತೆರೆಜವ್ವ ಒಡ್ಡಿದಳು. ಅಕ್ಕಿ ಬಿತ್ತು.  ಫಿಲೋಮಿನಾಬಾಯಿಯೇ ಗಂಟು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು.

ಬಾಗಿಲು ತೆರೆದಾಗ ಫಾದರ್ ಅರುಣ್ ನಮ್ಮ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಇಟ್ಟುಕೊಂಡು ಕಾಯುತ್ತಿದ್ದರು. “ಒಳಗೆ ಏನೇನಾಯ್ತು?” ಎಂದು ಆಸೆಯಿಂದ ಕೇಳಿದರು. ನಾವು ಚಪ್ಪಲಿ ಮೆಟ್ಟಿಕೊಂಡು ಹೊರಟೆವು. ಮರುದಿನ ಮೆರವಣಿಗೆಯಲ್ಲಿ ಊರ ಗಂಡಸರು ಕರಿಬಟ್ಟೆಯ ಮಾತೆಯನ್ನು ಹೆಗಲ ಮೇಲೆ ಹೊತ್ತು ನಡೆದರು. ಒಳಗೆ ಹಸಿರಿದೆ ಎಂದು ಅವರಿಗ್ಯಾರಿಗೂ ಗೊತ್ತಿರಲಿಲ್ಲ.

ಮಾನ್ವಿ

ತೆರೆಜವ್ವ ಆ ಗಂಟನ್ನು ವಿಮಾನದಲ್ಲೂ ಬಿಚ್ಚಲಿಲ್ಲ. ಬೇರೆ ಸೀರೆ ಉಡುವಾಗ ನನ್ನ ಕೈಯಲ್ಲಿ ಅಕ್ಕಿ ಹಿಡಿಸಿ, ಆಮೇಲೆ ಹೊಸ ಸೆರಗಿಗೆ ಕಟ್ಟಿಸಿಕೊಂಡಳು.

ಮಾನ್ವಿಗೆ ಬಂದ ದಿನ ಓಣಿಯ ಹೆಂಗಸರೆಲ್ಲ ಫಾರಿನ್ ಸಾಮಾನು ನೋಡಲು ಸೇರಿದರು. ಸೆಂಟಿನ ಬಾಟಲಿ, ಚಾಕಲೇಟು ಏನಾದರೂ ಬರುತ್ತದೆಂದು ಮಕ್ಕಳನ್ನೂ ಎತ್ತಿಕೊಂಡು ಬಂದಿದ್ದರು. ತೆರೆಜವ್ವ ನಡುಮನೆಯಲ್ಲಿ ಕೂತು ಗಂಟು ಬಿಚ್ಚಿ, ಅಕ್ಕಿಯನ್ನು ಮೊರಕ್ಕೆ ಸುರಿದಳು.

ಒಬ್ಬಳು ನಾಲ್ಕು ಕಾಳು ಬಾಯಿಗೆ ಹಾಕಿ ನೋಡಿದಳು.

“ಇದು ನಮ್ಮ ಸೋನಾಮಸೂರಿನೇ ಅಲ್ಲೇನಬೇ ತೆರೆಜವ್ವಾ? ಇದನ್ನ ತರಾಕ ಅಷ್ಟು ದೂರ ಹೋಗಿದ್ದೇನು?”

“ಹೌದವ್ವಾ, ನಾ ಒಯ್ದ ಅಕ್ಕೀನೇ” ಎಂದಳು ತೆರೆಜವ್ವ. “ಹೋಗುವಾಗ ಚೀಲದಾಗ ಹೋತು. ಬರುವಾಗ ನನ್ನ ಉಡ್ಯಾಗ ಬಂತು.”

 ಅವಳ ಉಡಿಯನ್ನು ಯಾರು ತುಂಬಿದರು ಎಂದು ಕೇಳಲು ಎಲ್ಲರಿಗೂ ಬಾಯಿ ತುರಿಸುತ್ತಿತ್ತು. ಫಿಲೋಮಿನಾಬಾಯಿ ಬಾಗಿಲ ಹತ್ತಿರ ಕೂತಿದ್ದಳು, ಇಳಿಹೊತ್ತಿಗೆ ದೇವದುರ್ಗದ ಬಸ್ಸು ಹಿಡಿಯಬೇಕಿತ್ತು. ಅಲ್ಲಿಂದಲೇ ಎಲ್ಲರನ್ನೂ ಒಂದು ಸುತ್ತು ನೋಡಿದಳು.

“ಏನು ಬಾಯಿ ನೋಡ್ಕೋತ ನಿಂತೀರಿ? ಉಡಿ ಅಕ್ಕಿ ಹಂಗ ಇಡಬಾರದು, ಸಿಹಿ ಮಾಡಿ ಎಲ್ಲಾರೂ ಉಣ್ಣಬೇಕು. ಒಲಿ ಹಚ್ಚ್ರಿ, ಬೆಲ್ಲ ತರ್ರಿ.”